ಬೆಳ್ಳಿಯ ಮೇಲಿನ ಬಂಗಾರ

"ಗುರುಗಳೇ, ಒಬ್ಬ ಮನುಷ್ಯ ಒಳಗಿನಿಂದಲೇ ಒಳ್ಳೆಯವನೋ, ಒಳ್ಳೆಯತನವನ್ನು ಮೇಲೆ ಬಳಿದುಕೊಂಡವನೋ ಎಂದು ಪರೀಕ್ಷಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಹಿಂದೆ, ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಬೆಳಗಿನ ಪೂಜೆ ಮುಗಿದಿತ್ತು.

"ಯಾರನ್ನು ಪರೀಕ್ಷಿಸಬೇಕಾಗಿದೆ?" ಎಂದರು.

"ಉಗ್ರಾಣದ ಈರಯ್ಯನನ್ನು. ಅವನು ಎಲ್ಲರ ಜೊತೆಗೂ ನಗುನಗುತ್ತಲೇ ಇರುತ್ತಾನೆ. ಯಾರು ಬೈದರೂ ಎದುರು ಮಾತನಾಡುವುದಿಲ್ಲ. ಇಷ್ಟು ಒಳ್ಳೆಯತನ ನಿಜವಿರಲಾರದು ಎಂದು ನನಗೆ ಅನ್ನಿಸುತ್ತಿದೆ. ಅವನಿಲ್ಲದಾಗ ಉಗ್ರಾಣದ ಅಕ್ಕಿಯನ್ನು ಅಳೆದು ನೋಡೋಣವೇ ಎಂದುಕೊಂಡಿದ್ದೇನೆ."

ಗುರುಗಳು ಪಕ್ಕದ ಮೆಟ್ಟಿಲನ್ನು ತೋರಿಸಿದರು. ಆಮೇಲೆ, "ಹೀಗೆ ಪರೀಕ್ಷೆ ಮಾಡಿಸಿದ ಒಬ್ಬಳಿದ್ದಳು. ಅವಳ ಕತೆ ಹೇಳುತ್ತೇನೆ, ಕುಳಿತುಕೋ," ಎಂದರು.

ಇದೇ ಹೊಳೆಯ ಆಚೆ ದಡದ ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನಿಗೆ ಇಬ್ಬರು ಮಕ್ಕಳು. ದೊಡ್ಡವಳು ಮಗಳು, ನೀಲಾಂಬಿಕೆ. ಅವಳಿಗಿಂತ ಬಹಳ ಚಿಕ್ಕವನು ಮಗ.

ವ್ಯಾಪಾರಿಯ ಹೆಂಡತಿಯ ಹತ್ತಿರ ಒಂದು ಬಂಗಾರದ ಡಾಬು ಇತ್ತು. ಸೀರೆಯ ಮೇಲೆ ನಡುವಿಗೆ ಕಟ್ಟುವ ಡಾಬು. ಅವಳ ತವರಿನವರು ಕೊಟ್ಟದ್ದು. ಅಗಲವಾದ ಪಟ್ಟಿ, ಮುಂದುಗಡೆ ಕೊಕ್ಕಿಗೆ ಕೊಕ್ಕು ತಾಗಿಸಿ ಕುಳಿತ ಎರಡು ಗಿಳಿಗಳ ಕೊಂಡಿ. ಊರಿನಲ್ಲಿ ಅಂಥ ಡಾಬು ಇನ್ನೊಂದಿರಲಿಲ್ಲ. ಅವಳು ಅದನ್ನು ಪಂಚಮಿಗೊಮ್ಮೆ, ಗೌರಿ ಹುಣ್ಣಿಮೆಗೊಮ್ಮೆ ಮಾತ್ರ ಹೊರಗೆ ತೆಗೆಯುತ್ತಿದ್ದಳು.

ಹಬ್ಬದ ದಿನ ಪೆಟ್ಟಿಗೆಯಿಂದ ಡಾಬನ್ನು ತಂದುಕೊಡುವ ಕೆಲಸ ನೀಲಾಂಬಿಕೆಯದು. ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ ಆ ಗಂಟನ್ನು ಅವಳು ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆಗೆ ಒತ್ತಿಕೊಂಡು, ಹೆಜ್ಜೆ ನೋಡಿ ನೋಡಿ ಇಡುತ್ತ ಕನ್ನಡಿಯವರೆಗೆ ಹೊತ್ತು ತರುತ್ತಿದ್ದಳು. ಅಷ್ಟು ಭಾರ. ತಾಯಿ ನಗುತ್ತಿದ್ದಳು. "ಬಂಗಾರ ಹೊರುವವಳು ರೊಟ್ಟಿ ಸರಿಯಾಗಿ ತಿನ್ನಬೇಕು" ಎನ್ನುತ್ತಿದ್ದಳು. ತಾಯಿ ಉಸಿರು ಬಿಗಿ ಹಿಡಿದು ನಿಂತಾಗ ಮಗಳು ಕೊಂಡಿ ಸಿಕ್ಕಿಸುತ್ತಿದ್ದಳು. ಎರಡು ಗಿಳಿಗಳು ಟಿಕ್ ಎಂದು ಕೂಡಿಕೊಳ್ಳುತ್ತಿದ್ದವು.

ಮಧ್ಯಾಹ್ನ ಊಟವಾದ ಮೇಲೆ ತಾಯಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂರುವಳು. ನೀಲಾಂಬಿಕೆ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುವಳು. ಕೆನ್ನೆಗೆ ತಾಗಿದ ಡಾಬು ಮೊದಲು ತಣ್ಣಗಿರುತ್ತಿತ್ತು. ನಿದ್ದೆ ಬರುವ ಹೊತ್ತಿಗೆ ಬೆಚ್ಚಗಾಗಿರುತ್ತಿತ್ತು. ದೊಡ್ಡವಳಾದ ಮೇಲೂ ತವರು ಎಂದೊಡನೆ ಅವಳಿಗೆ ನೆನಪಾಗುತ್ತಿದ್ದುದು ಕೆನ್ನೆಯ ಮೇಲಿನ ಆ ಬಿಸುಪು.

ನೀಲಾಂಬಿಕೆಯ ಮದುವೆ ಗೊತ್ತಾಯಿತು. ಗಂಡಿನ ಮನೆ ಹೊಳೆಯ ಈಚೆ ದಡದ ಊರು. ಆಗ ಹೊಳೆಗೆ ಸೇತುವೆ ಇರಲಿಲ್ಲ. ಹರಿಗೋಲಿನಲ್ಲಿ ದಾಟಬೇಕು. ತಂದೆಯ ವ್ಯಾಪಾರ ಮೊದಲಿನಂತೆ ನಡೆಯುತ್ತಿರಲಿಲ್ಲ. ಆದರೂ ಮದುವೆಯಲ್ಲಿ ಅವಳ ಕೊರಳಿಗೆ ಮೂರೆಳೆಯ ಸರ ಬಿತ್ತು, ಕೈಗೆ ಬಂಗಾರದ ಪಾಟಲಿ ಬಂತು. ಬೀಗರು ತೃಪ್ತಿಯಿಂದ ತಲೆಯಾಡಿಸಿದರು. "ಇಷ್ಟೆಲ್ಲ ಎಲ್ಲಿಂದ ಬಂತು ಅಪ್ಪಾ?" ಎಂದು ನೀಲಾಂಬಿಕೆ ಮೆಲ್ಲಗೆ ಕೇಳಿದಳು. "ನಿಮ್ಮವ್ವ ಜೋಪಾನ ಮಾಡಿದ್ದು" ಎಂದು ತಂದೆ ಹೇಳಿ ಬೇರೆ ಕಡೆ ನೋಡಿದ. ಮದುವೆಯ ಚಪ್ಪರದಲ್ಲಿ ತಾಯಿ ಡಾಬು ಕಟ್ಟಿಕೊಂಡೇ ಓಡಾಡಿದಳು. ಎಲ್ಲರೂ ಕಂಡರು.

ಹರಿಗೋಲು ನಡುಹೊಳೆಗೆ ಬಂದಾಗ ನೀಲಾಂಬಿಕೆ ತಿರುಗಿ ನೋಡಿದಳು. ದಡದಲ್ಲಿ ತಾಯಿಯ ಮುಖ ಕಾಣಿಸಲಿಲ್ಲ. ನಡುವಿನ ಡಾಬು ಮಾತ್ರ ಬಿಸಿಲಿಗೆ ಮಿಂಚುತ್ತಿತ್ತು.

ಆಮೇಲೆ ಅವಳು ವರ್ಷಕ್ಕೊಮ್ಮೆ ಪಂಚಮಿಗೆ ತವರಿಗೆ ಬರುತ್ತಿದ್ದಳು. ಮಗಳು ಬರುವ ಹೊತ್ತಿಗೆ ತಾಯಿ ಡಾಬು ಕಟ್ಟಿಕೊಂಡೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ವರ್ಷ ನೀಲಾಂಬಿಕೆ ಬೆಳಗಿನ ಹೊತ್ತಿಗೇ ಬಂದುಬಿಟ್ಟಳು. ತಾಯಿ ಸ್ನಾನಕ್ಕೆ ಹೋಗಿದ್ದಳು. ಹಳೆಯ ಕೆಲಸ ನೆನಪಾಗಿ ನೀಲಾಂಬಿಕೆ ಪೆಟ್ಟಿಗೆ ತೆರೆದು ಗಂಟನ್ನು ಎತ್ತಿದಳು. ಭಾರವಿರುತ್ತದೆ ಎಂದುಕೊಂಡು ಎತ್ತಿದ ಕೈ ಜೋರಾಗಿ ಮೇಲೆ ಹೋಯಿತು.

"ಅವ್ವಾ, ಡಾಬು ಇಷ್ಟು ಹಗುರವಾಗಿತ್ತೇ?"

ಒದ್ದೆ ತಲೆಯಲ್ಲೇ ಬಂದ ತಾಯಿ ಗಂಟನ್ನು ಅವಳ ಕೈಯಿಂದ ತೆಗೆದುಕೊಂಡಳು. "ನೀನು ದೊಡ್ಡವಳಾದೆಯಲ್ಲ, ತಾಯಿ" ಎಂದಳು.

ನೀಲಾಂಬಿಕೆಗೆ ಆ ದಿನವೆಲ್ಲ ಯಾಕೋ ಕಸಿವಿಸಿಯಾಯಿತು. ತವರಿನ ತಲೆಬಾಗಿಲು ಮೊದಲು ಎಷ್ಟು ಎತ್ತರವಿತ್ತು, ಈಗ ತಲೆ ತಗ್ಗಿಸಿ ಒಳಗೆ ಹೋಗಬೇಕು. ಹಿತ್ತಲಿನ ಬಾವಿಯಲ್ಲಿ ಇಣುಕಿದರೆ ಪಾತಾಳ ಕಾಣುತ್ತಿತ್ತು, ಈಗ ನೀರು ಕೈಗೆ ಸಿಗುವಂತಿದೆ. ಬೆಳೆದ ಹೆಣ್ಣುಮಕ್ಕಳಿಗೆ ತವರಿನಲ್ಲಿ ಎಲ್ಲವೂ ಚಿಕ್ಕದಾಗುತ್ತ ಹೋಗುತ್ತದೆ, ಡಾಬೂ ಹಾಗೆಯೇ ಎಂದುಕೊಂಡು ಅವಳು ಸಮಾಧಾನ ಮಾಡಿಕೊಂಡಳು. ಅಂಟುವಾಳದ ನೊರೆಯಲ್ಲಿ ಅದನ್ನು ತೊಳೆದುಕೊಡುತ್ತೇನೆ ಎಂದರೆ ತಾಯಿ ಒಪ್ಪುತ್ತಿರಲಿಲ್ಲ. "ತಿಕ್ಕಿದರೆ ಸವೆಯುತ್ತದೆ, ಬಿಡು" ಎನ್ನುತ್ತಿದ್ದಳು.

ವರ್ಷಗಳು ಕಳೆದವು. ಹೊಳೆಗೆ ಸೇತುವೆ ಬಂತು. ತಂದೆ ತೀರಿಕೊಂಡ. ಅವಳ ತಮ್ಮ ಅಂಗಡಿಯಲ್ಲಿ ಕುಳಿತ. ಅವನಿಗೆ ಗುರುಬಸಮ್ಮ ಎಂಬ ಹುಡುಗಿಯನ್ನು ತಂದರು. ಮದುಮಗಳ ಬಂಡಿ ಹೊಸ ಸೇತುವೆಯ ಮೇಲೆ ಹಾದು ಬಂತು. ಬಾಗಿಲಲ್ಲಿ ಆರತಿ ಹಿಡಿದು ನಿಂತವಳು ನೀಲಾಂಬಿಕೆಯೇ. ಗುರುಬಸಮ್ಮ ಮಾತು ಕಡಿಮೆ ಆಡುವವಳು. ನಾದಿನಿಯನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ತಮ್ಮ ಹೆಚ್ಚು ವರ್ಷ ಬಾಳಲಿಲ್ಲ. ಜ್ವರ ಬಂದು ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಗುರುಬಸಮ್ಮನ ತವರಿನಲ್ಲಿ ಬಾ ಎನ್ನುವವರು ಯಾರೂ ಉಳಿದಿರಲಿಲ್ಲ. ಅವಳು ಅತ್ತೆಯ ಜೊತೆಯಲ್ಲೇ ಉಳಿದಳು. ಅತ್ತೆ ಕಣ್ಣು ಮಂಜಾಗಿ ಹಾಸಿಗೆ ಹಿಡಿದಾಗ ಅವಳ ಮೈ ತೊಳೆದವಳು, ತಲೆ ಬಾಚಿದವಳು, ಗಂಜಿ ಕುಡಿಸಿದವಳು ಅವಳೇ. ನೀಲಾಂಬಿಕೆ ಬಂದಾಗಲೆಲ್ಲ ತಾಯಿಯ ದಿಂಬಿನ ಪಕ್ಕದಲ್ಲಿ ಡಾಬು ಇರುತ್ತಿತ್ತು. ತಾಯಿ ಮಾತನಾಡುತ್ತ ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಲೇ ಇರುತ್ತಿದ್ದಳು.

ಒಂದು ದಿನ ತಾಯಿಯೂ ಕಣ್ಣು ಮುಚ್ಚಿದಳು. ಶಿವಗಣಾರಾಧನೆ ಮುಗಿಯಿತು. ಬಂದ ನೆಂಟರು ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ಗುರುಬಸಮ್ಮ ರೇಷ್ಮೆಯ ಗಂಟನ್ನು ತಂದು ನೀಲಾಂಬಿಕೆಯ ಮಡಿಲಿಗೆ ಹಾಕಿದಳು. "ಇದು ನಿಮ್ಮದು, ಅಕ್ಕ" ಎಂದಳು.

ನೀಲಾಂಬಿಕೆ ಅಳುತ್ತಲೇ ಗಂಟು ಬಿಚ್ಚಿದಳು. ಡಾಬನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಸರಿಯಾಗಿ ನೋಡಬೇಕೆಂದು ಅಂಗಳದ ಬಿಸಿಲಿಗೆ ತಂದಳು. ತಾಯಿ ಸದಾ ಸವರುತ್ತಿದ್ದ ಅಂಚಿನಲ್ಲಿ ಹಳದಿ ಹೋಗಿತ್ತು. ಕೆಳಗೆ ಬೆಳ್ಳಗೆ ಕಾಣುತ್ತಿತ್ತು. ಆ ಬಿಳುಪಿನ ಸುತ್ತ ಸಣ್ಣಗೆ ಕಪ್ಪು ಹಿಡಿದಿತ್ತು. ಬೆಳ್ಳಿಗೆ ಹಿಡಿಯುವ ಕಪ್ಪು.

ಅವಳ ಕಣ್ಣೀರು ಅಲ್ಲಿಗೇ ನಿಂತಿತು.

"ಗುರುಬಸಮ್ಮಾ, ಇಲ್ಲಿ ಬಾ. ಇದು ಬೆಳ್ಳಿ. ಮೇಲೆ ಬಂಗಾರದ ನೀರು ಬಿಟ್ಟಿದ್ದಾರೆ. ಅವ್ವನ ಡಾಬು ಎಲ್ಲಿ?"

ಗುರುಬಸಮ್ಮ ಬಂದು ನೋಡಿದಳು. "ಇದೇ ಅವರ ಡಾಬು" ಎಂದಳು.

"ನನ್ನವ್ವನ ಡಾಬು ನನಗೆ ಗೊತ್ತಿಲ್ಲವೇ? ಅದನ್ನು ಹೊಟ್ಟೆಗೆ ಅವಚಿಕೊಂಡು ಹೊತ್ತವಳು ನಾನು. ಅವ್ವನಿಗೆ ಕಣ್ಣು ಕಾಣಿಸುವುದಿಲ್ಲ ಎಂದು ಹೀಗೆ ಮಾಡಿದೆಯಾ?"

ಹೊರಡಲು ನಿಂತಿದ್ದ ನೆಂಟರು ತಿರುಗಿ ನೋಡಿದರು. ಪಕ್ಕದ ಮನೆಯ ಹೆಂಗಸರು ಗೋಡೆಯ ಹತ್ತಿರ ಬಂದರು. ಗುರುಬಸಮ್ಮನ ಮುಖ ಸಪ್ಪಗಾಯಿತು. "ನಾನು ಕದ್ದಿಲ್ಲ, ಅಕ್ಕ" ಎಂದಳು. ಬಂಗಾರ ಎಲ್ಲಿ ಹೋಯಿತು ಎಂದು ಕೇಳಿದರೆ ತಲೆ ತಗ್ಗಿಸಿ ನಿಂತಳು.

"ನಾಳೆ ಪತ್ತಾರರ ಹತ್ತಿರ ಹೋಗಿ ಒರೆಗೆ ಹಚ್ಚಿಸೋಣ. ಅವರು ಹೇಳಲಿ" ಎಂದಳು ನೀಲಾಂಬಿಕೆ.

ಆ ಮಾತಿಗೆ ಗುರುಬಸಮ್ಮ ಗಾಬರಿಯಾದಳು. "ಪತ್ತಾರರ ಹತ್ತಿರ ಬೇಡ, ಅಕ್ಕ. ನಾನೇ ಮನೆ ಬಿಟ್ಟು ಹೋಗುತ್ತೇನೆ. ಅದನ್ನು ತೋರಿಸುವುದು ಬೇಡ."

ಇನ್ನೇನು ಬೇಕು? ಗೋಡೆಯ ಹತ್ತಿರ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವಳು ಕದ್ದಿರಲಿಕ್ಕಿಲ್ಲ ಎಂದು ನೀಲಾಂಬಿಕೆಯ ಮನಸ್ಸಿನಲ್ಲಿ ಉಳಿದಿದ್ದ ಒಂದಿಷ್ಟು ಆಸೆಯೂ ಹೋಯಿತು. ಕಳ್ಳಿ ಎಂಬ ಮಾತು ಅವಳ ಬಾಯಿಂದ ಬಂತು. ಎಲ್ಲರಿಗೂ ಕೇಳುವಂತೆಯೇ ಬಂತು.

ಮರುದಿನ ಇಬ್ಬರೂ ಮೋನಪ್ಪ ಪತ್ತಾರರ ಮನೆಗೆ ಹೋದರು. ಮೋನಪ್ಪ ಆ ಊರಿನ ಅಕ್ಕಸಾಲಿಗ. ಅವನ ತಂದೆಯೂ ಅದೇ ಜಗಲಿಯ ಮೇಲೆ ಕುಳಿತು ಬಂಗಾರ ಬೆಳ್ಳಿಯ ಕೆಲಸ ಮಾಡಿದವನು. ನೀಲಾಂಬಿಕೆ ಮುಂದೆ ನಡೆದಳು. ಗುರುಬಸಮ್ಮ ಸೆರಗು ಹೊದ್ದು ಹಿಂದೆ ನಡೆದಳು. ಉಟ್ಟ ಸೀರೆಯ ಜೊತೆ ಇನ್ನೊಂದು ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಿದ್ದಳು. ಅಲ್ಲಿಂದ ಹಾಗೆಯೇ ಹೋಗಲು ಸಿದ್ಧಳಾಗಿ ಬಂದಿದ್ದಳು.

ಮೋನಪ್ಪ ಡಾಬನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದ. "ಬಂಗಾರದ ಭಾರ ಇಲ್ಲ" ಎಂದ.

ಒರೆಗಲ್ಲಿನ ಮೇಲೆ ಮೆಲ್ಲಗೆ ಉಜ್ಜಿದ. ಹಳದಿ ಗೆರೆ ಬಿತ್ತು. ಅದರ ಮೇಲೆ ದ್ರಾವಕ ಮುಟ್ಟಿಸಿದ. ಗೆರೆ ಅಳಿಯಲಿಲ್ಲ. "ಮೇಲೆ ಇರುವುದು ಬಂಗಾರವೇ. ಬರೀ ಬಣ್ಣವಾಗಿದ್ದರೆ ಹೋಗಿಬಿಡುತ್ತಿತ್ತು."

ಆಮೇಲೆ ಸವೆದ ಅಂಚನ್ನು ಉಜ್ಜಿದ. ಬಿಳಿಯ ಗೆರೆ ಬಿತ್ತು. ದ್ರಾವಕದ ಹನಿ ಬಿದ್ದೊಡನೆ ಅದು ಕರಗಿತು. ಅಲ್ಲಿಗೆ ಉಪ್ಪುನೀರು ಮುಟ್ಟಿಸಿದ. ಹಾಲು ಒಡೆದಂತೆ ಬೆಳ್ಳಗಾಯಿತು.

"ಒಳಗೆ ಬೆಳ್ಳಿ, ತಾಯಿ. ಹಿತ್ತಾಳೆಯೋ ತಾಮ್ರವೋ ಆಗಿದ್ದರೆ ಹಸಿರು ಬಣ್ಣ ಬರುತ್ತಿತ್ತು. ಒಳ್ಳೆಯ ಬೆಳ್ಳಿ."

"ಮೇಲಿನ ಬಂಗಾರ ಯಾವ ಕಾಲದ್ದು?" ಎಂದು ನೀಲಾಂಬಿಕೆ ಕೇಳಿದಳು.

ಮೋನಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಡಾಬನ್ನು ತಿರುಗಿಸಿ ತಿರುಗಿಸಿ ನೋಡಿದ. ಉಗುರಿನಿಂದ ಅಂಚುಗಳನ್ನು ಮುಟ್ಟಿದ. "ಬಂಗಾರದ ತಗಡು ಹೊದಿಸಿದ್ದಾದರೆ ಅಂಚಿನಲ್ಲಿ ಎಲ್ಲಾದರೂ ಎದ್ದಿರುತ್ತದೆ. ಇದರಲ್ಲಿ ಹಾಗೇನೂ ಇಲ್ಲ. ಇದು ಬ್ಯಾಟರಿಯ ಮುಲಾಮು, ಅಂದರೆ ಬಂಗಾರದ ಲೇಪ. ನೀರಿನಲ್ಲಿ ಅದ್ದಿ, ಕರೆಂಟು ಹಾಯಿಸಿ ಬಂಗಾರ ಕೂರಿಸುತ್ತಾರೆ. ನೋಡಿ, ಎಲ್ಲ ಕಡೆ ಒಂದೇ ಬಣ್ಣ, ನಿಂಬೆಹಣ್ಣಿನ ಬಣ್ಣ. ಈರುಳ್ಳಿಯ ಮೇಲಿನ ಸಿಪ್ಪೆಯಷ್ಟೂ ದಪ್ಪವಿಲ್ಲ. ಇದು ನನ್ನ ಕೆಲಸವಲ್ಲ. ಪಟ್ಟಣದಲ್ಲಿ ಮಾಡುತ್ತಾರೆ. ಈಚೆಗೆ, ಹೋದ ವರ್ಷವೋ ಅದರ ಹಿಂದಿನ ವರ್ಷವೋ ಮಾಡಿಸಿದ್ದು."

ನೀಲಾಂಬಿಕೆ ಗುರುಬಸಮ್ಮನ ಕಡೆ ತಿರುಗಿದಳು. "ಪಟ್ಟಣಕ್ಕೆ ಒಯ್ದವರು ಯಾರು?"

"ನಾನೇ, ಅಕ್ಕ."

"ಯಾಕೆ?"

ಗುರುಬಸಮ್ಮ ಎದ್ದು ನಿಂತಳು. ಚೀಲವನ್ನು ಕಂಕುಳಿಗೆ ಇಟ್ಟುಕೊಂಡಳು. "ಪತ್ತಾರರೇ, ಇಷ್ಟು ಸಾಕು. ಡಾಬು ಅಕ್ಕನ ಕೈಗೆ ಕೊಡಿ. ನಾನು ಹೊರಡುತ್ತೇನೆ."

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಮೋನಪ್ಪ ಡಾಬನ್ನು ಕೆಳಗೆ ಇಡಲಿಲ್ಲ. ಸವೆದ ಅಂಚಿನಲ್ಲಿ ಅವನ ಕಣ್ಣು ಸಿಕ್ಕಿಕೊಂಡಿತ್ತು. ನಿಂಬೆ ಬಣ್ಣಕ್ಕೂ ಬೆಳ್ಳಿಯ ಬಿಳುಪಿಗೂ ನಡುವೆ ಕೂದಲೆಳೆಯಷ್ಟು ಇನ್ನೊಂದು ಬಣ್ಣವಿತ್ತು. ಕೆಂಪು ತಿರುಗಿದ ಗಾಢ ಹಳದಿ. ಅವನು ಸಣ್ಣ ಚಿಮುಟದಿಂದ ಕೊಂಡಿಯ ಮೊಳೆ ಎಳೆದು ಎರಡು ಗಿಳಿಗಳನ್ನು ಬೇರೆ ಮಾಡಿದ. ಗಿಳಿಯ ಹೊಟ್ಟೆಯ ಟೊಳ್ಳನ್ನು ಬೆಳಕಿಗೆ ಹಿಡಿದ.

"ಕುಳಿತುಕೊಳ್ಳಿ ತಾಯಿ, ಇಬ್ಬರೂ ಕುಳಿತುಕೊಳ್ಳಿ. ಇದರೊಳಗೆ ಇನ್ನೊಂದು ಬಂಗಾರ ಇದೆ" ಎಂದ.

"ಇನ್ನೊಂದು ಬಂಗಾರವೇ?"

"ಪಟ್ಟಣದವರು ಮೇಲೆ ಮಾತ್ರ ಮುಲಾಮು ಹಾಕಿದ್ದಾರೆ. ಕೊಂಡಿ ಬಿಚ್ಚಿಲ್ಲ. ಒಳಗೆ ಹಳೆಯದು ಹಾಗೆಯೇ ಉಳಿದಿದೆ. ಇದು ರಸದ ಮುಲಾಮು. ಬಂಗಾರವನ್ನು ಪಾದರಸದಲ್ಲಿ ಅರೆದು ಬೆಣ್ಣೆಯ ಹಾಗೆ ಮಾಡಿ, ಬೆಳ್ಳಿಗೆ ಸವರಿ, ಬೆಂಕಿಗೆ ಹಿಡಿಯುತ್ತಿದ್ದರು. ರಸ ಹೊಗೆಯಾಗಿ ಹೋಗುತ್ತದೆ, ಬಂಗಾರ ಬೆಳ್ಳಿಯನ್ನು ಕಚ್ಚಿಕೊಂಡು ನಿಲ್ಲುತ್ತದೆ. ಮೂಲೆಯಲ್ಲಿ ದಪ್ಪ, ಉಬ್ಬಿದ ಕಡೆ ತೆಳು. ಒಂದೇ ಸಮ ಇರುವುದಿಲ್ಲ. ಒಂದು ತಲೆಮಾರು ತಿಕ್ಕಿದರೂ ಬಿಡುವುದಿಲ್ಲ."

ಅವನು ಮಸೂರವನ್ನು ನೀಲಾಂಬಿಕೆಗೆ ಕೊಟ್ಟು, ಗಿಳಿಯ ಒಳಮೈ ತೋರಿಸಿದ. ಅಲ್ಲಿ ಸಣ್ಣ ಸಣ್ಣ ಗೆರೆಗಳಿದ್ದವು. ಎಲ್ಲವೂ ಒಂದೇ ಕಡೆಗೆ ಓರೆಯಾಗಿದ್ದವು.

"ಬೆಂಕಿಯಿಂದ ತೆಗೆದ ಮೇಲೆ ಕಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಆಗ ಬೀಳುವ ಗೆರೆಗಳು ಇವು. ಬಲಗೈಯವರು ತಿಕ್ಕಿದರೆ ಗೆರೆ ಆ ಕಡೆ ಓರೆಯಾಗುತ್ತದೆ. ಇವು ಈ ಕಡೆ ಓರೆಯಾಗಿವೆ. ನಮ್ಮ ತಂದೆ ಎಡಗೈಯವರು." ಅವನ ದನಿ ಇಳಿಯಿತು. "ಆ ರಸದ ಹೊಗೆ ಕುಡಿದು ಕುಡಿದೇ ಅವರ ಕೈ ನಡುಗಲು ಶುರುವಾಯಿತು. ಹೊಳೆಗೆ ಸೇತುವೆ ಆಗುವ ಮೊದಲೇ ಕೆಲಸ ಬಿಟ್ಟರು. ಕೊನೆಗೆ ಅವರಿಗೆ ನೀರಿನ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ನೀನು ಇದನ್ನು ಮುಟ್ಟಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಮುಟ್ಟಲಿಲ್ಲ."

ಅವನು ಡಾಬನ್ನು ಬಟ್ಟೆಯ ಮೇಲೆ ಮೆತ್ತಗೆ ಇಟ್ಟ. ತಂದೆಯ ಕೈ ಮುಟ್ಟಿದಂತೆ ಅದನ್ನು ಒಮ್ಮೆ ಸವರಿದ.

"ಇದು ಬೆಳ್ಳಿಯ ಡಾಬಾಗಿಯೇ ಹುಟ್ಟಿದ್ದು, ತಾಯಿ. ಸೇತುವೆಗಿಂತ ಮೊದಲೇ ಹುಟ್ಟಿದ್ದು."

ಗುರುಬಸಮ್ಮ ಈ ಮನೆಗೆ ಬಂದದ್ದು ಸೇತುವೆಯ ಮೇಲೆ. ತಾನು ಈ ಮನೆಯಿಂದ ಹೋದದ್ದು ಹರಿಗೋಲಿನಲ್ಲಿ. ಎರಡಕ್ಕೂ ನಡುವಿನ ವರ್ಷಗಳಲ್ಲಿ ನೀಲಾಂಬಿಕೆ ಮನಸ್ಸಿನಲ್ಲೇ ಹಿಂದಕ್ಕೆ ನಡೆದಳು. ಡಾಬು ಹಗುರವಾಗಿದ್ದ ಆ ಪಂಚಮಿಗೆ ಬಂದಳು. ತಾಯಿ ಒದ್ದೆ ತಲೆಯಲ್ಲಿ ಓಡಿಬಂದದ್ದು ಕಂಡಿತು. ಅಲ್ಲಿಂದ ಇನ್ನೂ ಹಿಂದಕ್ಕೆ, ತನ್ನ ಮದುವೆಯ ಚಪ್ಪರಕ್ಕೆ ಬಂದಳು. ತಂದೆ ಬೇರೆ ಕಡೆ ನೋಡಿದ್ದು ಕಂಡಿತು.

ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. ಮೂರೆಳೆಯ ಸರ ಕೈಗೆ ಸಿಕ್ಕಿತು. ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಡಾಬಿನ ಬಂಗಾರ ಎಲ್ಲಿ ಹೋಯಿತು ಎಂದು ಅವಳು ಮತ್ತೆ ಯಾರನ್ನೂ ಕೇಳಲಿಲ್ಲ.

ಮೋನಪ್ಪ ನೀರು ತರುವ ನೆಪದಲ್ಲಿ ಒಳಗೆ ಎದ್ದು ಹೋದ. ಜಗಲಿಯ ಮೇಲೆ ಇಬ್ಬರೇ ಉಳಿದರು.

"ನಿನಗೆ ಗೊತ್ತಿತ್ತಲ್ಲವೇ?" ಎಂದಳು ನೀಲಾಂಬಿಕೆ.

ಗುರುಬಸಮ್ಮ ತಲೆಯಾಡಿಸಿದಳು. "ಹೋದ ವರ್ಷ ಪಂಚಮಿಗೆ ಮುಂಚೆ ಹೇಳಿದರು. ಬಂಗಾರ ಅಲ್ಲಲ್ಲಿ ತೆಳುವಾಗಿತ್ತು. ಅತ್ತೆಯವರಿಗೆ ಕಣ್ಣು ಮಂಜಾಗಿತ್ತು, ಆದರೂ ಬೆರಳಿಗೆ ತಿಳಿಯುತ್ತಿತ್ತು. ನೀಲಾ ಬರುತ್ತಾಳೆ, ಬೆಳ್ಳಗಾದದ್ದು ನೋಡಿದರೆ ಕೇಳುತ್ತಾಳೆ, ಕೇಳಿದರೆ ನನಗೆ ಸುಳ್ಳು ಹೇಳಲು ಬಾರದು ಎಂದು ಅತ್ತರು. ನಾನು ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಮಾಡಿಸಿಕೊಂಡು ಬಂದೆ. ಆಮೇಲೆ ಅದನ್ನು ದಿಂಬಿನಿಂದ ಆಚೆ ಇಡಲು ಬಿಡಲೇ ಇಲ್ಲ. ಸವರಿ ಸವರಿ ಮತ್ತೆ ಸವೆಯಿತು."

"ನನಗೆ ಯಾಕೆ ತಿಳಿಯಬಾರದಿತ್ತು?"

"ತಿಳಿದರೆ ಸರ ಹಾಕಿಕೊಂಡಾಗಲೆಲ್ಲ ಅವಳಿಗೆ ಭಾರವಾಗುತ್ತದೆ ಎಂದರು. ಹಗುರಾಗಿ ಹಾಕಿಕೊಳ್ಳಲಿ ಎಂದರು."

ನೀಲಾಂಬಿಕೆ ಗಟ್ಟಿಯಾಗಿ ಅತ್ತಳು. ತಾಯಿ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಅಳು ಸ್ವಲ್ಪ ತಗ್ಗಿದ ಮೇಲೆ ಕೇಳಿದಳು. "ಎಲ್ಲರೆದುರು ನಾನು ಆ ಮಾತು ಆಡಿದಾಗಲಾದರೂ ಹೇಳಬಾರದಾಗಿತ್ತೇ?"

"ಅತ್ತೆ ಹೋಗಿ ಇನ್ನೂ ತಿಂಗಳಾಗಿಲ್ಲ, ಅಕ್ಕ. ಅವರಿಗೆ ಕೊಟ್ಟ ಮಾತನ್ನು ಅಷ್ಟು ಬೇಗ ಹೇಗೆ ಮುರಿಯಲಿ?"

ನೀಲಾಂಬಿಕೆ ಕೊರಳಿನ ಸರ ತೆಗೆದು ಗುರುಬಸಮ್ಮನ ಕೈಗೆ ಕೊಡಹೋದಳು. ಗುರುಬಸಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಬೇಡ. ಅದನ್ನು ನೀವು ತೆಗೆದರೆ ಅವರು ಮಾಡಿದ್ದೆಲ್ಲ ಏನಾಯಿತು? ಹಾಕಿಕೊಳ್ಳಿ" ಎಂದಳು. ನೀಲಾಂಬಿಕೆಗೆ ಕಣ್ಣೀರಿನಲ್ಲಿ ಕೊಂಡಿ ಸಿಗಲಿಲ್ಲ. ಗುರುಬಸಮ್ಮನೇ ಹಿಂದೆ ಬಂದು, ಹೆರಳು ಸರಿಸಿ, ಸರವನ್ನು ಮತ್ತೆ ಕೊರಳಿಗೆ ಸಿಕ್ಕಿಸಿದಳು.

ಇಬ್ಬರೂ ಮನೆಗೆ ಮರಳಿದರು. ಈಗ ಗುರುಬಸಮ್ಮನ ಚೀಲ ನೀಲಾಂಬಿಕೆಯ ಕೈಯಲ್ಲಿತ್ತು. ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ನೀಲಾಂಬಿಕೆ ಪ್ರತಿ ಬಾಗಿಲಲ್ಲೂ ನಿಂತಳು. "ನಿನ್ನೆ ನಾನು ಆಡಿದ್ದು ಸುಳ್ಳು ಮಾತು. ಗುರುಬಸಮ್ಮ ಏನೂ ತೆಗೆದುಕೊಂಡಿಲ್ಲ" ಎಂದಳು.

"ಹಾಗಾದರೆ ಬಂಗಾರ ಏನಾಯಿತು?" ಎಂದು ಅವರು ಕೇಳಿದರು.

ಅದಕ್ಕೆ ಅವಳ ಹತ್ತಿರ ಉತ್ತರವಿತ್ತು. ಹೇಳಿದರೆ ತಾಯಿ ಇಷ್ಟು ವರ್ಷ ಕಾಪಾಡಿದ್ದು ಬೀದಿಯ ಮಾತಾಗುತ್ತಿತ್ತು. ಮಗಳ ಮದುವೆಗೆ ಡಾಬು ಕರಗಿಸಿದಳಂತೆ, ಬೆಳ್ಳಿ ಕಟ್ಟಿಕೊಂಡು ಬಂಗಾರ ಎಂದು ತೋರಿಸಿದಳಂತೆ ಎಂದು ಬೀಗರವರೆಗೂ ಮುಟ್ಟುತ್ತಿತ್ತು. ನಿನ್ನೆ ಗುರುಬಸಮ್ಮ ತಲೆ ತಗ್ಗಿಸಿ ನಿಂತಿದ್ದ ಹಾಗೆಯೇ ಅವಳೂ ನಿಂತಳು. ಹೆಂಗಸರಲ್ಲಿ ಕೆಲವರು ಅವಳ ಮಾತು ನಂಬಿದರು. ಮನೆತನದ ಮರ್ಯಾದೆಗಾಗಿ ಮುಚ್ಚಿಹಾಕುತ್ತಿದ್ದಾಳೆ ಎಂದು ಕೆಲವರು ಅಂದುಕೊಂಡರು. ಅಂಥ ಒಂದೆರಡು ಮನೆಗಳಲ್ಲಿ ಗುರುಬಸಮ್ಮ ಬಂದರೆ ಪೆಟ್ಟಿಗೆಯ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಕೊನೆಯವರೆಗೂ ತಪ್ಪಲಿಲ್ಲ.

ಗುರುಬಸಮ್ಮ ಆ ಮನೆಯಲ್ಲೇ ಉಳಿದಳು. ನೀಲಾಂಬಿಕೆ ಡಾಬನ್ನು ಅವಳ ಹತ್ತಿರವೇ ಬಿಟ್ಟಳು. ತಾಯಿ ಇದ್ದಾಗ ಬಂದಂತೆ ಪ್ರತಿ ಪಂಚಮಿಗೂ ಬಂದಳು. ಬಂದಾಗಲೆಲ್ಲ ಗುರುಬಸಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದಳು. ಕಾಲಿಗೆ ನೀರು ಕೊಡುತ್ತಿದ್ದಳು. ಅತ್ತೆ ಮಾಡುತ್ತಿದ್ದ ಹಾಗೆಯೇ ಅಳ್ಳಿಟ್ಟು, ತಂಬಿಟ್ಟು ಮಾಡಿ ಬಡಿಸುತ್ತಿದ್ದಳು. ಊಟವಾದ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು, ಇಲ್ಲದವಳ ಮಾತನ್ನೇ ಆಡುತ್ತಿದ್ದರು. ಅವಳು ನಕ್ಕದ್ದು, ಗದರಿಸಿದ್ದು, ಕೊನೆಕೊನೆಗೆ ಹಾಡಿಕೊಳ್ಳುತ್ತಿದ್ದ ಹಂತಿಯ ಪದ. ಗುರುಬಸಮ್ಮನ ಮಾತಿನಲ್ಲಿ ಒಂದು ಕಹಿಯೂ ಇರುತ್ತಿರಲಿಲ್ಲ. ಅಕ್ಕ ಎಂದು ಕರೆಯುವುದನ್ನೂ ಬಿಡಲಿಲ್ಲ.

ಆದರೆ ಆ ಮನೆಯಲ್ಲಿ ಒಂದು ಹೊಸ ರೂಢಿ ಬಂದಿತ್ತು. ನೀಲಾಂಬಿಕೆ ಇದ್ದಷ್ಟು ದಿನ ಗುರುಬಸಮ್ಮ ಯಾವ ಪೆಟ್ಟಿಗೆಯನ್ನೂ ಒಬ್ಬಳೇ ತೆರೆಯುತ್ತಿರಲಿಲ್ಲ. ಒಂದು ಸೀರೆ ಬೇಕಾಗಿರಲಿ, ದೇವರ ದೀಪಕ್ಕೆ ಬತ್ತಿ ಬೇಕಾಗಿರಲಿ, "ಅಕ್ಕಾ, ಒಂದು ಗಳಿಗೆ ಇಲ್ಲಿ ಬನ್ನಿ" ಎಂದು ಕರೆಯುತ್ತಿದ್ದಳು. ನೀಲಾಂಬಿಕೆ ಬಂದು ಪಕ್ಕದಲ್ಲಿ ನಿಂತ ಮೇಲೆಯೇ ಕೀಲಿ ತಿರುಗಿಸುತ್ತಿದ್ದಳು. ಬೇಡ, ಹಾಗೆ ಮಾಡಬೇಡ ಎಂದು ನೀಲಾಂಬಿಕೆ ಎಷ್ಟೋ ಸಲ ಕೈಮುಗಿದಳು. ಗುರುಬಸಮ್ಮ ನಕ್ಕು, "ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ, ಅಕ್ಕ" ಎನ್ನುತ್ತಿದ್ದಳು. ನಿಜಕ್ಕೂ ಸಿಟ್ಟಿರಲಿಲ್ಲ. ಮುಂದಿನ ಸಲವೂ ಕರೆಯುತ್ತಿದ್ದಳು.

ಅವರಿಬ್ಬರೂ ಮುದುಕಿಯರಾಗುವವರೆಗೆ ಅದು ಹಾಗೆಯೇ ನಡೆಯಿತು.

ಗುರುಗಳು ಕತೆ ನಿಲ್ಲಿಸಿದರು. ಹೊಳೆಯ ಮೇಲೆ ಬಿಸಿಲು ಏರಿತ್ತು. ಮಠದ ಒಳಗಿನಿಂದ ಈರಯ್ಯ ಯಾರನ್ನೋ ಊಟಕ್ಕೆ ಕರೆಯುವ ದನಿ ಕೇಳಿಸಿತು.

ಶಿಷ್ಯ ಬಿಡಲಿಲ್ಲ. "ಆದರೂ ಗುರುಗಳೇ, ಪರೀಕ್ಷೆ ಮಾಡಿಸಿದ್ದರಿಂದಲೇ ಗುರುಬಸಮ್ಮ ಎಂಥವಳು ಎಂದು ನೀಲಾಂಬಿಕೆಗೆ ತಿಳಿಯಿತಲ್ಲವೇ? ನಾನೂ ಉಗ್ರಾಣವನ್ನು ಒಮ್ಮೆ ಅಳೆದು ನೋಡಿದರೆ ಈರಯ್ಯ ಎಂಥವನು ಎಂದು ತಿಳಿಯುತ್ತದೆ."

ಗುರುಗಳು ಎದ್ದು ನಿಂತು ಹೇಳಿದರು: "ಅಳೆದು ನೋಡು. ಅಕ್ಕಿ ಒಂದು ಕಾಳೂ ಕಡಿಮೆಯಾಗದೆ ಸರಿಯಾಗಿದ್ದರೆ, ಆಮೇಲೆ ಅವನು ಬಡಿಸುವಾಗ ಅವನ ಮುಖವನ್ನು ಹೇಗೆ ನೋಡುವೆ?"